ಸೈನೈಡ್ ಗುಡ್ಡದ ಮಣ್ಣು ಯಾರ ಪಾಲಿಗೆ?



ಸ್ವಲ್ಪ ಉದ್ದದ ಬರಹ ಇದು. ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

ಬೆಂಗಳೂರಲ್ಲಿ ಈಗ 'ಪರಿಸರಸ್ನೇಹಿ ಮನೆ' ಮಾತು ಜೋರಾಗಿದೆ. ಮಣ್ಣಿನ ಇಟ್ಟಿಗೆ, ಬಿದಿರು, ಪ್ಲಾಸ್ಟರ್ ಇಲ್ಲದ ಗೋಡೆ. ಇವು ನಮಗೆ ಹೊಸದಲ್ಲ. ಬ್ರಿಟಿಷ್ ಕಂಪನಿ ಕಾಲದಲ್ಲಿ ಕೆಜಿಎಫ್ ಗಣಿ ಕಾರ್ಮಿಕರಿಗೆ ಹಾಕಿಕೊಟ್ಟ ಲೈನು ಮನೆಗಳು ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು. ಭೂಮಿಯೊಳಗೆ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನ ತೆಗೆದ ಜನ, ಅದರಲ್ಲಿ ಬಹುಪಾಲು ದಲಿತರು, ಆ ತಟ್ಟಿ ಮನೆಯಲ್ಲೇ ಮಕ್ಕಳು ಮರಿ ಸಾಕಿದರು. ಅದನ್ನ ಯಾರೂ ಪರಿಸರಸ್ನೇಹಿ ಅನ್ನಲಿಲ್ಲ. ಕೂಲಿ ಲೈನು ಅಂದರು.

ಹಾಗಾಗಿ ನಮ್ಮ ಜನ ನಾಲ್ಕು ಕಾಸು ಕೂಡಿಟ್ಟ ಕೂಡಲೇ ಆರ್‌ಸಿಸಿ ಮನೆ ಕಟ್ಟಬೇಕು ಅಂತಾರಲ್ಲ, ಅದನ್ನ ನೋಡಿ ಮೂಗು ಮುರಿಯೋರಿಗೆ ಒಂದು ಮಾತು. ಮಣ್ಣಿನ ಗೋಡೆ ಅನ್ನೋದು ಕೇರಿಯ ಗುರುತಾಗಿತ್ತು. ಸಿಮೆಂಟು ನಮಗೆ ಬರೀ ಸಿಮೆಂಟಲ್ಲ, ಆ ಗುರುತು ಅಳಿಸುವ ದಾರಿ. ಎರಡು ತಲೆಮಾರು ಕಾಂಕ್ರೀಟ್ ಮನೆಯಲ್ಲಿ ಬದುಕಿದವರಿಗೆ ಮಣ್ಣು ಆಯ್ಕೆ. ನಮಗೆ ಅದು ಆಯ್ಕೆ ಆಗಿರಲೇ ಇಲ್ಲ.

ಇಷ್ಟು ಹೇಳಿ, ಹಾಗಾದ್ರೆ ಪರಿಸರ ವಿನ್ಯಾಸವೆಲ್ಲ ಮೇಲ್ಜಾತಿಯವರ ಶೋಕಿ ಅಂತ ಕೈ ತೊಳೆದುಕೊಳ್ಳೋಕೆ ನಾನು ತಯಾರಿಲ್ಲ. ಅದರ ವಿದ್ಯೆ ನಮಗೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರುವಾಯ್ತು. ಹಳ್ಳಿಗಾಡಿಗೆ ವಿಜ್ಞಾನ ತಲುಪಿಸೋದು ಅದರ ಉದ್ದೇಶ. ಅಲ್ಲಿಯವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಸುಡದೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನ ರೂಢಿಗೆ ತಂದರು. ಗೂಡಿನಲ್ಲಿ ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಅರ್ಧಕ್ಕಿಂತ ಹೆಚ್ಚು ಇಂಧನ ಉಳಿಯುತ್ತೆ. ಮಳೆಗೆ ಕರಗಲ್ಲ. ಕೇರಳದಲ್ಲಿ ಲಾರಿ ಬೇಕರ್ ಬಡವರಿಗೆ ಕಡಿಮೆ ಖರ್ಚಿನಲ್ಲಿ, ನೋಡೋಕೂ ಚೆಂದದ ಮನೆ ಕಟ್ಟಿ ತೋರಿಸಿದರು. ಅಂದರೆ ಬಡವರ ಮನೆ ಕಳಪೆ ಆಗಿರಲೇಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ.

ಈಗ ನಮ್ಮೂರಿಗೆ ಬರೋಣ. ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ ಸುತ್ತ ಎಲ್ಲಿ ನಿಂತರೂ ಸೈನೈಡ್ ಗುಡ್ಡ ಕಾಣುತ್ತೆ. ಸಿನಿಮಾದವರು ಬಂದು ಶೂಟಿಂಗ್ ಮಾಡಿಕೊಂಡು ಹೋಗ್ತಾರೆ. ಅದು ಗುಡ್ಡವೇ ಅಲ್ಲ. ಕಲ್ಲು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ಬಸಿದುಕೊಂಡು ಸುರಿದ ಉಳಿಕೆ. ಮೂರು ಕೋಟಿ ಟನ್‌ಗೂ ಹೆಚ್ಚು. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಒಡೆದು ಹೋಗುತ್ತೆ, ಆದರೆ ಸಿಲಿಕಾ ದೂಳು ಎಲ್ಲೂ ಹೋಗಲ್ಲ. ಗಾಳಿ ಬೀಸಿದ ದಿನ ಅನ್ನದ ತಟ್ಟೆಗೂ ಬರುತ್ತೆ, ಎದೆಗೂ ಇಳಿಯುತ್ತೆ. ಗಣಿಯೊಳಗೆ ಸಿಲಿಕೋಸಿಸ್ ಹತ್ತಿಸಿಕೊಂಡು ಬಂದವರ ಮನೆ ಬಾಗಿಲಿಗೇ ಅದೇ ದೂಳು.

2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಕೆಲಸ ಹೋಯ್ತು, ಗುಡ್ಡ ಉಳೀತು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ಗುಡ್ಡಗಳ, ಸುಮಾರು 1,003 ಎಕರೆ ಜಾಗದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲರೂ ಚಿನ್ನದ ಲೆಕ್ಕ ಹಾಕ್ತಿದ್ದಾರೆ. ನಾನು ಕೇಳೋದು ಮಣ್ಣಿನ ಲೆಕ್ಕ. ಈ ಗುಡ್ಡದಲ್ಲಿ ಚಿನ್ನ ಇರೋದು ಟನ್ನಿಗೆ ಗ್ರಾಂ ಲೆಕ್ಕದಲ್ಲಿ. ಅದನ್ನ ತೆಗೆದ ಮೇಲೆ ಉಳಿಯೋ ಮಣ್ಣು ಹೆಚ್ಚುಕಡಿಮೆ ಅಷ್ಟೇ. ಆ ಮಣ್ಣು ಎಲ್ಲಿಗೆ ಹೋಗುತ್ತೆ? ಇನ್ನೊಂದು ಕೇರಿ ಪಕ್ಕ ಇನ್ನೊಂದು ಗುಡ್ಡವಾಗಿ ನಿಲ್ಲುತ್ತಾ?

ಈ ಮಣ್ಣಿನಿಂದ ಇಟ್ಟಿಗೆ ಮಾಡಬಹುದಾ ಅಂತ ನಮ್ಮೂರಲ್ಲೇ ಪರೀಕ್ಷೆ ನಡೆದಿದೆ. ಕೆಜಿಎಫ್‌ನಲ್ಲಿದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಗುಡ್ಡದ ಮಣ್ಣಿಗೆ ಶೇ 20ರಷ್ಟು ಸಿಮೆಂಟ್ ಸೇರಿಸಿ 14 ದಿನ ಕ್ಯೂರಿಂಗ್ ಮಾಡಿದರೆ ಬಳಸಬಹುದಾದ ಇಟ್ಟಿಗೆ ಬರುತ್ತೆ ಅಂತ ತೋರಿಸಿದರು. ಕೆಂಪು ಮಣ್ಣು, ಎರೆ ಮಣ್ಣು ಸೇರಿಸಿ ಸುಟ್ಟರೂ ಆಗುತ್ತೆ, ಅದು ಅಗ್ಗ ಅಂದರು. ಇಲ್ಲಿ ತೊಡಕೂ ಇದೆ. ಶೇ 20 ಸಿಮೆಂಟ್ ಅಂದ್ರೆ ಖರ್ಚು ಏರುತ್ತೆ, ಸುಟ್ಟರೆ ಹೊಗೆ. ಸಿಮೆಂಟು ಕಡಿಮೆ ಮಾಡಿ, ಸುಡದೇ, ಗಟ್ಟಿಯಾಗಿ ಮಾಡೋದು ಹೇಗೆ ಅನ್ನೋದೇ ಮುಂದಿನ ಕೆಲಸ. ಸರ್ಕಾರ ಮನಸ್ಸು ಮಾಡಿದರೆ ಅದನ್ನ ಮಾಡಬಲ್ಲವರು ಬೆಂಗಳೂರಲ್ಲೇ ಇದ್ದಾರೆ, ನೂರು ಕಿಲೋಮೀಟರ್ ದೂರದಲ್ಲಿ.

ಕೆಲವು ಸಂಗಾತಿಗಳು ಕೇಳ್ತಾರೆ: "ಅಣ್ಣಾ, ವಿಷದ ಮಣ್ಣಲ್ಲಿ ನಮ್ಮ ಜನಕ್ಕೇ ಮನೆನಾ?" ಸರಿಯಾದ ಪ್ರಶ್ನೆ. ಅದಕ್ಕೇ ಹೇಳೋದು, ಪರೀಕ್ಷೆ ಆಗದೇ ಒಂದು ಇಟ್ಟಿಗೆಯೂ ನಮ್ಮ ಮನೆಗೆ ಬರಬಾರದು. ಪಾಸಾದ ಇಟ್ಟಿಗೆ ಮೊದಲು ಸರ್ಕಾರಿ ಕಚೇರಿ ಕಾಂಪೌಂಡಿಗೆ, ಅಧಿಕಾರಿಗಳ ಕ್ವಾರ್ಟರ್ಸಿಗೆ ಹೋಗಲಿ. ಪ್ರಯೋಗದ ಇಲಿ ಆಗೋ ಸರದಿ ನಮ್ಮದು ಮುಗಿದಿದೆ. ಆದರೆ ಭಯದಲ್ಲಿ ಸುಮ್ಮನೆ ಕೂತರೆ ಏನಾಗುತ್ತೆ? ಮಣ್ಣು ಯಾವುದೋ ಕಂಟ್ರಾಕ್ಟರ್ ಲಾರಿ ಹತ್ತುತ್ತೆ, ದೂಳು ನಮ್ಮ ಪಾಲಿಗೆ ಉಳಿಯುತ್ತೆ.

ನಾನು ಆಫೀಸಿನಲ್ಲಿ ಫೈಲು ನೋಡೋ ಗುಮಾಸ್ತ. ಷರತ್ತು ಕಾಗದದ ಮೇಲೆ ಇಲ್ಲ ಅಂದ್ರೆ, ವೇದಿಕೆ ಮೇಲೆ ಯಾರು ಏನೇ ಹೇಳಿದ್ರೂ ಅದು ಇಲ್ಲ. ಆದ್ದರಿಂದ ಗುಡ್ಡಕ್ಕೆ ಜೆಸಿಬಿ ಹತ್ತೋ ಮೊದಲು ಇವು ಟೆಂಡರಿನಲ್ಲೇ ಬರೆದಿರಬೇಕು:

1. ಪ್ರತಿ ಗುಡ್ಡದ ಮಣ್ಣಿಗೂ ಸೈನೈಡ್, ಭಾರ ಲೋಹಗಳ ಪರೀಕ್ಷೆ. ವರದಿ ಕನ್ನಡದಲ್ಲೂ ತಮಿಳಿನಲ್ಲೂ ಲೈನುಗಳಲ್ಲಿ ಅಂಟಿಸಬೇಕು.

2. ಅಗೆಯುವಾಗ ನೀರು ಚಿಮುಕಿಸೋದು, ಲಾರಿಗೆ ಹೊದಿಕೆ, ಸುತ್ತಲಿನ ಮನೆಯವರಿಗೆ ಎದೆ ತಪಾಸಣೆ. ಖರ್ಚು ಚಿನ್ನ ತೆಗೆಯುವವರದ್ದು.

3. ಸುರಕ್ಷಿತ ಅಂತ ಸಾಬೀತಾದ ಉಳಿಕೆಯಿಂದ ಇಟ್ಟಿಗೆ ಮಾಡೋ ಹಕ್ಕು ಮಾಜಿ ಕಾರ್ಮಿಕರ ಕುಟುಂಬಗಳ ಸಹಕಾರ ಸಂಘಕ್ಕೆ. ಕೂಲಿಗಲ್ಲ, ಮಾಲೀಕತ್ವಕ್ಕೆ. ಬೆಳಗ್ಗೆ ಸ್ವರ್ಣ ರೈಲು ಹತ್ತಿ ಬೆಂಗಳೂರಿಗೆ ಓಡೋ ನಮ್ಮ ಹುಡುಗರಿಗೆ ಊರಲ್ಲೇ ಕೆಲಸ ಸಿಗಲಿ.

4. ಲೈನು ಮನೆಗಳಿಗೆ ಹಕ್ಕುಪತ್ರ. ಇದು ಕೊನೆಯದಲ್ಲ, ಮೊದಲನೆಯದು. ನಾಳೆ ಎಬ್ಬಿಸ್ತಾರೆ ಅನ್ನೋ ಮನೆಗೆ ಯಾರು ದಪ್ಪ ಗೋಡೆ ಕಟ್ಟಿಸ್ತಾರೆ, ಯಾರು ತಂಪಾದ ಸೂರು ಹಾಕಿಸ್ತಾರೆ? ನೂರು ವರ್ಷ ಬಾಳೋ ಮನೆ ಬೇಕು ಅಂದ್ರೆ ನೂರು ವರ್ಷ ಕದಲಿಸಲ್ಲ ಅನ್ನೋ ಕಾಗದ ಮೊದಲು ಬೇಕು.

ಪರಿಸರ ಹೋರಾಟದ ಗೆಳೆಯರೇ, ನಿಮ್ಮ ವಿಚಾರ ಸಂಕಿರಣಗಳಲ್ಲಿ ಬಿದಿರಿನ ಬಗ್ಗೆ, ಮಣ್ಣಿನ ಬಗ್ಗೆ ಮಾತಾಡಿ, ಬೇಡ ಅನ್ನಲ್ಲ. ಜೊತೆಗೆ ಆ ಮಣ್ಣು ಹೊತ್ತವರು ಎಲ್ಲಿ ಮಲಗ್ತಾರೆ ಅಂತಲೂ ಕೇಳಿ. ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಓದ್ತಿರೋ ನಮ್ಮ ಹುಡುಗ ಹುಡುಗಿಯರೇ, ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ದರೆ ನಮ್ಮೂರಿಗೆ ಬನ್ನಿ. ವಿಷಯ ಮೂರು ಕೋಟಿ ಟನ್ ಬಿದ್ದಿದೆ.

ಈ ನಾಲ್ಕು ಬೇಡಿಕೆಗೆ ಸೇರಿಸೋದು, ತಿದ್ದೋದು ಇದ್ದರೆ ಕೆಳಗೆ ಬರೆಯಿರಿ. ಮನವಿ ಸಿದ್ಧ ಮಾಡೋಣ, ಸಹಿ ಹಾಕಿಸೋಣ.

ಜೈ ಭೀಮ್.