ಬಿಸಿ ಇಂಜಿನ್ನಿಗೆ ಪಾನಾ ಹಾಕಬೇಡಿ



ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯವರಾದ ನಮಗೆ ಡೀಸೆಲ್ ಇಂಜಿನ್ನು ಹೊಸದಲ್ಲ. ಬಾವಿಯ ಮೇಲೆ ಡೀಸೆಲ್ ಪಂಪು ಕೂರಿಸಿದವರ, ಟ್ರ್ಯಾಕ್ಟರು ಓಡಿಸಿದವರ ಮಕ್ಕಳು ನಾವು. ನಾಜಲ್ ಕೆಟ್ಟರೆ, ಫಿಲ್ಟರು ಕಟ್ಟಿದರೆ, ಪೈಪಿನಲ್ಲಿ ಗಾಳಿ ಹಿಡಿದರೆ ಏನು ಮಾಡಬೇಕೆಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಡೀಸೆಲ್ ಇಂಜಿನ್ನು ಗಾಳಿಯನ್ನು ಒತ್ತಿ, ಆ ಕಾವಿನಿಂದಲೇ ಎಣ್ಣೆಯನ್ನು ಹೊತ್ತಿಸುತ್ತದೆ; ಅದಕ್ಕೆ ಸ್ಪಾರ್ಕ್ ಪ್ಲಗ್ ಬೇಕಿಲ್ಲ. ಹೀಗಾಗಿ ಪ್ಲಗ್ ಎಂದರೆ ನಮಗೆ ಮೋಟಾರ್ ಸೈಕಲ್ಲಿನದು, ಇಲ್ಲವೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನದು. ಐದು ನಿಮಿಷದಲ್ಲಿ ಬಿಚ್ಚಿ, ಉಜ್ಜುಕಾಗದದಿಂದ ತಿಕ್ಕಿ ಮತ್ತೆ ಹಾಕುವ ವಸ್ತು.

ಈಗ ಕಾಲ ಬದಲಾಗಿದೆ. 2005ರಲ್ಲಿ ಟಾಟಾ ಏಸ್ ಬಂದಾಗ ಅದು ಎರಡು ಸಿಲಿಂಡರಿನ ಡೀಸೆಲ್ ಗಾಡಿ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಸಣ್ಣ ಸರಕು ಗಾಡಿಗಳಲ್ಲಿ ಪೆಟ್ರೋಲು ಮತ್ತು ಸಿ.ಎನ್.ಜಿ. ಹೆಚ್ಚಿದವು. ಏಸ್ ಪೆಟ್ರೋಲಿನಲ್ಲೂ ಬಂತು. ಮಾರುತಿ ಸೂಪರ್ ಕ್ಯಾರಿಯ ಡೀಸೆಲ್ ನಿಂತು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್ನು ಉಳಿಯಿತು. ನಮ್ಮ ಈರುಳ್ಳಿಯನ್ನೂ ಮೆಕ್ಕೆಜೋಳವನ್ನೂ ದಾವಣಗೆರೆಗೆ ಹೊರುವ ಎಷ್ಟೋ ಗಾಡಿಗಳೊಳಗೆ ಈಗ ಪ್ಲಗ್ ಇದೆ. ಗಾಡಿ ಬದಲಾಯಿತು, ನಮ್ಮ ಅಭ್ಯಾಸ ಮಾತ್ರ ಡೀಸೆಲ್ಲಿನದೇ ಉಳಿಯಿತು.

ನನಗಾದ ನಷ್ಟವನ್ನು ಮೊದಲು ಹೇಳಿಬಿಡುತ್ತೇನೆ. ಈರುಳ್ಳಿ ಕಿತ್ತು ಹೊಲದಲ್ಲಿ ಹಾಕಿದ್ದ ಸಮಯ. ಗಾಡಿ ಏರಿನಲ್ಲಿ ಎಳೆಯದೆ ಮಿಸ್ ಹೊಡೆಯಲು ಶುರುಮಾಡಿ ತಿಂಗಳಾಗಿತ್ತು. ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದು ದೂಡುತ್ತ ಬಂದೆ. ಒಂದು ದಿನ ಮಾರುಕಟ್ಟೆಯಲ್ಲಿ ಲೋಡು ಇಳಿಸಿ, ನೇರವಾಗಿ ಒಂದು ಗ್ಯಾರೇಜಿಗೆ ನುಗ್ಗಿಸಿ, 'ಸಂಜೆಯೊಳಗೆ ಇನ್ನೊಂದು ಟ್ರಿಪ್ ಹೊಡೀಬೇಕು, ಬೇಗ ಪ್ಲಗ್ ಹಾಕಪ್ಪ' ಎಂದೆ. ಆ ಹುಡುಗ ಕೈ ಸುಡುವ ಇಂಜಿನ್ನಿಗೇ ಪಾನಾ ಹಾಕಿದ. ಮೂರು ಪ್ಲಗ್ ಬಂದವು. ನಾಲ್ಕನೆಯದು ಅರ್ಧ ಸುತ್ತು ತಿರುಗಿ ಬಿಗಿಯಿತು. ಅವನು ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆದ. ಟಪ್ ಎಂದಿತು. ಮೇಲಿನ ಆರು ಮೂಲೆಯ ಭಾಗ ಪಾನಾದೊಳಗೆ ಬಂತು. ಥ್ರೆಡ್ ಇರುವ ಕೆಳಭಾಗ ಹೆಡ್ಡಿನಲ್ಲೇ ಉಳಿಯಿತು. ಹೆಡ್ಡು ಇಳಿಸಿ, ತುಂಡು ತೆಗೆಸಿ, ಹೊಸ ಥ್ರೆಡ್ ಕೂರಿಸಿ ಗಾಡಿ ಹೊರಗೆ ಬರಲು ಆರು ದಿನ ಹಿಡಿಯಿತು. ಅಷ್ಟರಲ್ಲಿ ಮಳೆ ಬಂದು ಹೊಲದಲ್ಲಿದ್ದ ಈರುಳ್ಳಿ ನೆನೆಯಿತು. ಕೆಲವು ನೂರು ರೂಪಾಯಿಯ ಕೆಲಸ ಆ ವರ್ಷದ ಲಾಭವನ್ನೇ ತಿಂದಿತು.

ಆಗ ನಾನು ಆ ಹುಡುಗನನ್ನು ಬೈದೆ. ಈಗ ಯೋಚಿಸಿದರೆ ಅರ್ಧಕ್ಕಿಂತ ಹೆಚ್ಚು ತಪ್ಪು ನನ್ನದೇ. ಈ ಲೇಖನ ಬರೆಯುತ್ತಿರುವುದೂ ಅದಕ್ಕಾಗಿಯೇ.

ಪ್ಲಗ್ ಮುರಿಯುವುದಕ್ಕೆ ಪ್ರಪಂಚದಲ್ಲೇ ಹೆಸರಾದದ್ದು ಅಮೆರಿಕದ ಫೋರ್ಡ್ ಎಫ್-150 ಟ್ರಕ್ಕು. 2004ರಿಂದ 2008ರವರೆಗಿನ ಆ ಗಾಡಿಗಳಲ್ಲಿ 5.4 ಲೀಟರಿನ, ಎಂಟು ಸಿಲಿಂಡರಿನ ಇಂಜಿನ್ನು ಇತ್ತು. ಅದರ ಪ್ಲಗ್ಗಿನ ತುದಿಯಲ್ಲಿ ಉದ್ದವಾದ ತೆಳು ಕೊಳವೆ. ಅದು ಪ್ಲಗ್ಗಿನ ಮೈಯೊಡನೆ ಒಂದೇ ಲೋಹದಲ್ಲಿ ಆಗಿರದೆ, ಎರಡು ತುಂಡುಗಳನ್ನು ಒತ್ತಿ ಕೂಡಿಸಿದ್ದಾಗಿತ್ತು. ಕೊಳವೆಗೂ ಹೆಡ್ಡಿನ ತೂತಿಗೂ ನಡುವಿನ ಸಂದಿಯಲ್ಲಿ ಇಂಗಾಲದ ಕಿಟ್ಟ ತುಂಬಿ ಗಾರೆಯಂತೆ ಹಿಡಿದುಕೊಳ್ಳುತ್ತಿತ್ತು. ಆ ಪ್ಲಗ್ಗನ್ನು ಸುಮಾರು 1 ಲಕ್ಷ 60 ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿದರೆ ಸಾಕೆಂದು ಹೇಳಿದ್ದರಿಂದ ಕಿಟ್ಟಕ್ಕೆ ಬೇಕಾದಷ್ಟು ಕಾಲ ಸಿಕ್ಕಿತು. ಬಿಚ್ಚಲು ಹೋದರೆ ಮೇಲ್ಭಾಗ ಕೈಗೆ, ಕೊಳವೆ ಒಳಗೆ. ಒಡೆದ ತುಂಡನ್ನು ಹಿಡಿದು ಎಳೆಯಲೆಂದೇ ಬೇರೆ ಸಲಕರಣೆಗಳು ಮಾರಾಟಕ್ಕೆ ಬಂದವು. ಒಂದೇ ತುಂಡಿನ ಬದಲಿ ಪ್ಲಗ್ಗನ್ನು ಬೇರೆ ಕಂಪನಿ ತಯಾರಿಸಿತು.

ನಮ್ಮ ಗಾಡಿಗಳ ಪ್ಲಗ್ಗುಗಳಲ್ಲಿ ಆ ಉದ್ದ ಕೊಳವೆ ಇಲ್ಲ. ಆದರೂ ಈ ಕಥೆ ಹೇಳಿದ್ದೇಕೆಂದರೆ, ಅಲ್ಲಿ ಕಂಪನಿಯೇ ತನ್ನ ಗ್ಯಾರೇಜುಗಳಿಗೆ ಕಳಿಸಿದ ಸೂಚನೆ ನಮಗೆ ಪಾಠದಂತಿದೆ. ಇಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಪ್ಲಗ್ಗನ್ನು ಎಂಟನೇ ಒಂದರಿಂದ ನಾಲ್ಕನೇ ಒಂದು ಸುತ್ತಿನಷ್ಟು ಮಾತ್ರ ಸಡಿಲಿಸಬೇಕು. ಅರ್ಧದಿಂದ ಮುಕ್ಕಾಲು ಟೀ ಚಮಚ ಕಾರ್ಬ್ಯುರೇಟರ್ ಕ್ಲೀನರ್ ಹಾಕಿ, ಕನಿಷ್ಠ 15 ನಿಮಿಷ ಬಿಡಬೇಕು. ಆಮೇಲೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಎಂದು ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು. ಇಡೀ ಸೂಚನೆಯಲ್ಲಿ ಬಲ ಹಾಕುವ ಮಾತಿಲ್ಲ, ಕಾಯುವ ಮಾತೇ ಇದೆ.

'ಬಿಸಿಯಿದ್ದಾಗಲೇ ಸಲೀಸಾಗಿ ಬರುತ್ತದೆ' ಎನ್ನುವ ಮೇಸ್ತ್ರಿಗಳಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಹೆಡ್ಡು ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಉಕ್ಕು. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದುದರಿಂದ ಹಿಡಿತ ಸಡಿಲವಾದಂತೆ ಕಾಣುವುದು ನಿಜ. ಆದರೆ ಕಾದ ಅಲ್ಯೂಮಿನಿಯಂ ಮೆದುವಾಗಿಯೂ ಇರುತ್ತದೆ. ಪ್ಲಗ್ಗಿನ ಜೊತೆ ಹೆಡ್ಡಿನ ಥ್ರೆಡ್ಡೂ ಕಿತ್ತುಕೊಂಡು ಬರುವ ಅಪಾಯವಿದೆ. ಹಳೆಯ ಎರಕದ ಕಬ್ಬಿಣದ ಹೆಡ್ಡಿನ ಅನುಭವವನ್ನು ಇಲ್ಲಿಗೆ ತರಕೂಡದು.

ನಮ್ಮ ಕಡೆಯ ಧೂಳಿನ ವಿಚಾರ ಯಾವ ಕೈಪಿಡಿಯಲ್ಲೂ ಇಷ್ಟು ಒತ್ತಿ ಬರೆದಿರುವುದಿಲ್ಲ. ಪ್ಲಗ್ ಕೂರುವ ಗುಂಡಿಯಲ್ಲಿ ಹೊಲದ ದಾರಿಯ ಮಣ್ಣು, ಹೊಟ್ಟು ಸೇರಿರುತ್ತದೆ. ಬಿಚ್ಚುವ ಮೊದಲು ಗಾಳಿ ಹೊಡೆದು ತೆಗೆಯತಕ್ಕದ್ದು. ಸೈಕಲ್ ಪಂಪಾದರೂ ಸರಿ, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಮಣ್ಣೆಲ್ಲ ಸಿಲಿಂಡರಿಗೆ ಇಳಿದು ಗೋಡೆಯನ್ನು ಗೀರುತ್ತದೆ. ಪಾನಾ ಆ ಪ್ಲಗ್ಗಿಗೆ ಸರಿಯಾದ ಅಳತೆಯದೇ ಆಗಿರಲಿ. ಓರೆಯಾಗಿ ಹಿಡಿದರೆ ಮೊದಲು ಒಡೆಯುವುದು ಬಿಳಿಯ ಪಿಂಗಾಣಿ.

ಹೊಸ ಪ್ಲಗ್ಗನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ ಕೂರಿಸಬೇಕು. ವಾಷರ್ ಇರುವ ಹೊಸ ಪ್ಲಗ್ಗಿಗೆ ಆಮೇಲೆ ಪಾನಾದಿಂದ ಅರ್ಧ ಸುತ್ತು ಸಾಕು. ವಾಷರ್ ಇಲ್ಲದೆ ಬುಡ ಇಳಿಜಾರಾಗಿರುವ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು. ಟಾರ್ಕ್ ರೆಂಚ್ ಇದ್ದರೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿ.ಮೀ. ಥ್ರೆಡ್ಡಿನ ವಾಷರ್ ಪ್ಲಗ್ಗಿಗೆ 25ರಿಂದ 30, 12 ಮಿ.ಮೀ.ಗೆ 15ರಿಂದ 20 ನ್ಯೂಟನ್ ಮೀಟರ್ ಸಾಮಾನ್ಯ ಅಳತೆ; ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಥ್ರೆಡ್ಡಿಗೆ ಗ್ರೀಸ್ ಬಳಿಯುವ ಚಾಳಿ ನಮ್ಮಲ್ಲಿದೆ. ಜಾರಿಕೆಯಿಂದ ಗೊತ್ತಾಗದಂತೆ ಬಿಗಿ ಹೆಚ್ಚಾಗುತ್ತದೆ, ಮುಂದಿನ ಸಲ ಮುರಿಯುವುದು ಅದೇ ಪ್ಲಗ್.

ನನ್ನ ವಾದ ಇಷ್ಟೇ: ಪ್ಲಗ್ ಬದಲಿಸುವುದನ್ನು ಕಿಲೋಮೀಟರಿನ ಜೊತೆಗೆ ನಮ್ಮ ಬೇಸಾಯದ ಕಾಲಕ್ಕೂ ಹೊಂದಿಸಬೇಕು. ಕೈಪಿಡಿ ಹೇಳಿದ ಗಡುವು ಸುಗ್ಗಿಯ ನಡುವೆ ಬೀಳುವಂತಿದ್ದರೆ ಅದಕ್ಕೂ ಮುಂಚಿನ ಬೇಸಿಗೆಯಲ್ಲೇ ಬದಲಿಸಿ. ಸಿ.ಎನ್.ಜಿ. ಗಾಡಿಯವರು ಇನ್ನೂ ಎಚ್ಚರವಾಗಿರಬೇಕು. ಆ ಅನಿಲ ಹೊತ್ತಲು ಹೆಚ್ಚು ವೋಲ್ಟೇಜಿನ ಕಿಡಿ ಬೇಕಾದ್ದರಿಂದ ಪ್ಲಗ್ ಬೇಗ ಸವೆಯುತ್ತದೆ. ಹಾಗೆಯೇ, ರೈತರಿಗೆ ಟ್ರ್ಯಾಕ್ಟರ್ ಪಾಲನೆಯ ತರಬೇತಿ ಕೊಡುವವರು ಸಣ್ಣ ಪೆಟ್ರೋಲ್ ಗಾಡಿಗೂ ಅರ್ಧ ದಿನ ಮೀಸಲಿಡಲಿ. ಬೆಳೆದದ್ದು ಮಾರುಕಟ್ಟೆಗೆ ಮುಟ್ಟುವುದೂ ಬೇಸಾಯವೇ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ ಗಾಡಿಯನ್ನು ಅದೇ ಹುಡುಗನ ಗ್ಯಾರೇಜಿನಲ್ಲಿ ಬಿಟ್ಟು ಬಸ್ಸಿಗೆ ಊರಿಗೆ ಬಂದೆ. 'ಇವತ್ತು ಮುಟ್ಟಬೇಡ, ಬೆಳಿಗ್ಗೆ ಬಿಚ್ಚು' ಎಂದು ಹೇಳಿದ್ದೆ. ಮರುದಿನ ನಾನು ಹೋಗುವಷ್ಟರಲ್ಲಿ ನಾಲ್ಕು ಹಳೆಯ ಪ್ಲಗ್ಗುಗಳನ್ನೂ ಹಳೇ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟಿದ್ದ. ಎಲ್ಲವೂ ಇಡಿಯಾಗಿದ್ದವು.