ಮಗನ ಗೇಮಿಂಗ್ ಕಂಪ್ಯೂಟರು, ತಾಯಿಯ ಲೆಕ್ಕ

"ಉಮ್ಮಾ, ನೀವು ಮಾತು ಕೊಟ್ಟಿದ್ದೀರಿ."

2025ರ ಏಪ್ರಿಲ್‌ನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಮಗ ಹೇಳಿದ ಮೊದಲ ಮಾತಿದು. ಒಳ್ಳೆಯ ಅಂಕ ತಂದರೆ ಕಂಪ್ಯೂಟರ್ ಕೊಡಿಸುತ್ತೇನೆಂದು ನಾನು ಹೇಳಿದ್ದು ನಿಜ. ಆದರೆ ಅವನು ಕೇಳಿದ್ದು ಬರೀ ಕಂಪ್ಯೂಟರ್ ಅಲ್ಲ, ಗೇಮಿಂಗ್ ಕಂಪ್ಯೂಟರ್. "ಆಟ ಆಡಲಿಕ್ಕೆ ಅರುವತ್ತು ಸಾವಿರವಾ? ನಮ್ಮ ಕಾಲದಲ್ಲಿ ಲಗೋರಿಗೆ ಏಳು ಕಲ್ಲು ಸಾಕಿತ್ತು" ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕೈಯಲ್ಲಿದ್ದದ್ದು ಅರುವತ್ತೆರಡು ಸಾವಿರ. ಎರಡು ವರ್ಷ ಹೊಲಿಗೆಯಿಂದ ಕೂಡಿಟ್ಟದ್ದು, ಹಬ್ಬಕ್ಕೆ ಬಂಧುಗಳು ಮಗನ ಕೈಗಿತ್ತದ್ದು, ಸೌದಿಯಿಂದ ನಮ್ಮವರು ಕಳಿಸಿದ್ದು ಎಲ್ಲ ಸೇರಿದ ಮೊತ್ತ. ಹೋದರೆ ಮತ್ತೆ ಬರುವ ಹಣವಲ್ಲ.

ಸಹೋದರಿಯರೇ, ನಮ್ಮಲ್ಲಿ ಹಲವರು ಇಂಥ ಹೊತ್ತಿನಲ್ಲಿ ಒಂದೋ "ಬೇಡ" ಎಂದು ಬಾಯಿ ಮುಚ್ಚಿಸುತ್ತೇವೆ, ಇಲ್ಲವೇ "ನನಗೆ ಇದೆಲ್ಲ ತಿಳಿಯುವುದಿಲ್ಲ, ನೀನೇ ನೋಡಿಕೋ" ಎಂದು ಹಣ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ನಾನು ಎರಡನೆಯದನ್ನು ಮಾಡಿದೆ. ಅದಕ್ಕೆ ದಂಡವನ್ನೂ ತೆತ್ತೆ.

ಮಗ ನಮ್ಮ ಊರಿನ ಒಂದು ಅಂಗಡಿಗೆ ಹೋಗಿ ಎರಡು ಸಾವಿರ ಮುಂಗಡ ಕೊಟ್ಟು ಬಂದ. ನಲವತ್ತೈದು ಸಾವಿರಕ್ಕೆ 'ಐ7 ಗೇಮಿಂಗ್ ಪಿಸಿ', 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣಬಣ್ಣದ ಬೆಳಕಿನ ನಾಲ್ಕು ಫ್ಯಾನ್, ಮಾನಿಟರ್, ಕೀಬೋರ್ಡ್. "ಹದಿನೇಳು ಸಾವಿರ ಉಳಿಯಿತು ಉಮ್ಮಾ" ಎಂದು ಕುಣಿದಾಡಿದ. ಆ ರಾತ್ರಿ ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಫೋನ್ ಮಾಡಿದ್ದಳು. ಕಂಪ್ಯೂಟರ್ ಎಂಜಿನಿಯರಿಂಗ್ ಓದುವ ಹುಡುಗಿ. ಅಂಗಡಿಯವರು ಕೊಟ್ಟ ಚೀಟಿಯನ್ನು ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮಾಮಿ, ಹಾಲಿನ ಪ್ಯಾಕೆಟ್ ಕೊಳ್ಳುವಾಗ ತಾರೀಕು ನೋಡುತ್ತೀರಲ್ಲ, ಇದರ ತಾರೀಕು ನೋಡಿದಿರಾ?"

ಚೀಟಿಯಲ್ಲಿ 'ಐ7 4770' ಎಂದಿತ್ತು. ಇಂಟೆಲ್ ಕಂಪೆನಿಯ ಪ್ರೊಸೆಸರ್‌ಗಳಲ್ಲಿ ಐ3, ಐ5, ಐ7 ಎಂಬುದು ದರ್ಜೆ. ಅದರ ಮುಂದಿನ ಸಂಖ್ಯೆಯಲ್ಲಿ ತಲೆಮಾರು ಅಡಗಿರುತ್ತದೆ. 4770 ಎಂದರೆ ನಾಲ್ಕನೆಯ ತಲೆಮಾರು, 12400 ಎಂದರೆ ಹನ್ನೆರಡನೆಯದು. ನಾಲ್ಕನೆಯ ತಲೆಮಾರಿನದು ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಆಗ ನನ್ನ ಮಗ ಒಂದನೆಯ ತರಗತಿಗೆ ಸೇರಿದ್ದ! ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಕೊಂಡ ಆರು ತಿಂಗಳಿಗೇ ಅದು ಹಳಬರ ಸಾಲಿಗೆ ಸೇರುತ್ತಿತ್ತು. 4 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಜಿಟಿ 730. ಅದು 2014ರದು, ಇಂದಿನ ದೊಡ್ಡ ಆಟಗಳನ್ನು ಎಳೆಯುವ ಶಕ್ತಿ ಅದಕ್ಕಿಲ್ಲ. ಜಿಬಿ ಎಂಬುದು ಕಾರ್ಡಿನ ಮೆಮೊರಿಯ ಅಳತೆಯೇ ಹೊರತು ಅದರ ಓಟದ ಅಳತೆಯಲ್ಲ. ದೊಡ್ಡ ಪಾತ್ರೆ ಇದ್ದ ಮಾತ್ರಕ್ಕೆ ಒಲೆಯ ಉರಿ ಹೆಚ್ಚುವುದಿಲ್ಲವಲ್ಲ!

ಮುಂಗಡದ ಎರಡು ಸಾವಿರ ವಾಪಸು ಬರಲಿಲ್ಲ. ಮಗ ಮುಖ ಬಾಡಿಸಿಕೊಂಡು ಕುಳಿತ. ಗದರಿಸೋಣವೆಂದರೆ ತಪ್ಪಿನಲ್ಲಿ ನನ್ನದೂ ಅರ್ಧ ಪಾಲಿತ್ತು. ಮರುದಿನ ಹೊಲಿಗೆಯ ಲೆಕ್ಕದ ಪುಸ್ತಕದಲ್ಲಿ ಹೊಸ ಪುಟ ತೆರೆದು, "ಒಂದೊಂದು ಭಾಗದ ಹೆಸರು ಹೇಳು. ಅದು ಏನು ಕೆಲಸ ಮಾಡುತ್ತದೆಂದು ನನಗೆ ಅರ್ಥವಾಗುವಂತೆ ಹೇಳು. ಅರ್ಥವಾಗದ ವಸ್ತುವಿಗೆ ಹಣ ಕೊಡುವುದಿಲ್ಲ" ಎಂದೆ. ಅವನು ಹೇಳಲಾಗದ ಕಡೆ ಅಣ್ಣನ ಮಗಳು ಫೋನಿನಲ್ಲಿ ಹೇಳಿದಳು. ನಾಲ್ಕು ಸಂಜೆ ನಮಗೆ ಅದೇ ಕೆಲಸ.

ನಾನು ತಿಳಿದುಕೊಂಡದ್ದು ಇಷ್ಟು. ಆಟದ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಆದ್ದರಿಂದ ಗೇಮಿಂಗ್ ಕಂಪ್ಯೂಟರಿನಲ್ಲಿ ಹಣದ ದೊಡ್ಡ ಪಾಲು ಅದಕ್ಕೇ ಹೋಗಬೇಕು. ಪೆಟ್ಟಿಗೆಯ ಒಟ್ಟು ಬೆಲೆಯಲ್ಲಿ ಮೂರನೆಯ ಒಂದು ಭಾಗದಿಂದ ಸುಮಾರು ಅರ್ಧದವರೆಗೆ. ಪ್ರೊಸೆಸರ್ ಲೆಕ್ಕಾಚಾರ ಮಾಡುತ್ತದೆ. ಈ ಮೊತ್ತಕ್ಕೆ ಮಧ್ಯಮ ದರ್ಜೆಯ, ಆರು ಕೋರ್‌ಗಳದ್ದು ಧಾರಾಳ ಸಾಕು. ಐ7 ಎಂಬ ಹೆಸರಿಗೆ ಮರುಳಾಗಿ ಕಾರ್ಡಿನ ಹಣವನ್ನು ಪ್ರೊಸೆಸರಿಗೆ ಸುರಿದರೆ ಆಟವೇ ಸೊರಗುತ್ತದೆ.

ಮದರ್‌ಬೋರ್ಡ್ ಎಲ್ಲವನ್ನೂ ಕೂಡಿಸುವ ಹಲಗೆ. ಇಲ್ಲಿ ನೋಡಬೇಕಾದದ್ದು ಹೊಂದಾಣಿಕೆ. ಎಎಂಡಿ ಕಂಪೆನಿಯ ಎಎಂ4 ಸಾಕೆಟ್‌ನ ಬೋರ್ಡಿಗೆ ಡಿಡಿಆರ್4 ರ‍್ಯಾಮ್, 2022ರಲ್ಲಿ ಬಂದ ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಎಎಂ5 ತೆಗೆದುಕೊಂಡರೆ ಮುಂದೆ ಹೊಸ ಪ್ರೊಸೆಸರ್ ಹಾಕುವ ದಾರಿ ಉದ್ದವಿದೆ. ಆದರೆ ಆಗ ಕಾರ್ಡಿಗೆ ಹಣ ಸಾಲುತ್ತಿರಲಿಲ್ಲ. ನಾವು ಎಎಂ4 ಆರಿಸಿದೆವು. ರ‍್ಯಾಮ್ 16 ಜಿಬಿ ಬೇಕು. ಅದನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಂಡರೆ ಎರಡು ದಾರಿಯಲ್ಲಿ ಮಾಹಿತಿ ಓಡಾಡಿ ವೇಗ ಹೆಚ್ಚುತ್ತದೆ. ಸಂಗ್ರಹಕ್ಕೆ ಹಳೆಯ ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಒಂದೊಂದು ದೊಡ್ಡ ಆಟವೇ ನೂರು ಜಿಬಿ ನುಂಗುವುದುಂಟು. ಜಾಗ ಸಾಲದಿದ್ದರೆ ಮುಂದೆ ಇನ್ನೊಂದನ್ನು ಸೇರಿಸಬಹುದು.

ಇನ್ನು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸಿ ಹಂಚುವ ಪೆಟ್ಟಿಗೆ ಅದು. ಹೊರಗೆ ಕಾಣುವುದಿಲ್ಲ, ಆಟಕ್ಕೆ ವೇಗ ಕೊಡುವುದಿಲ್ಲ. ಹಾಗಾಗಿ ಹಣ ಉಳಿಸಬೇಕೆಂದಾಗ ಎಲ್ಲರ ಕತ್ತರಿ ಮೊದಲು ಬೀಳುವುದು ಅದರ ಮೇಲೆಯೇ. ಮಗನೂ, "ಕ್ಯಾಬಿನೆಟ್ ಜೊತೆಗೇ ಒಂದು ಎಸ್‌ಎಂಪಿಎಸ್ ಬರುತ್ತದೆ ಉಮ್ಮಾ, ಇದಕ್ಕೆ ನಾಲ್ಕು ಸಾವಿರ ಯಾಕೆ?" ಎಂದ. ಆಗ ನಾನು ನನ್ನ ಕಸುಬಿನ ಮಾತು ಹೇಳಿದೆ. ಎರಡು ಸಾವಿರದ ರೇಷ್ಮೆ ಬಟ್ಟೆಗೆ ಕಳಪೆ ದಾರ ಹಾಕಿ ಹೊಲಿದರೆ ಏನಾಗುತ್ತದೆ? ದಾರ ಹತ್ತು ರೂಪಾಯಿಯದು, ಆದರೆ ಹಾಳಾಗುವುದು ರೇಷ್ಮೆ. ಕಳಪೆ ಎಸ್‌ಎಂಪಿಎಸ್ ಸುಟ್ಟರೆ ಕೆಲವೊಮ್ಮೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಅದನ್ನು ಪರೀಕ್ಷಿಸಲು ಒಂದು ಸುಲಭದ ಲೆಕ್ಕವಿದೆ. ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಎಂಬ ಕಾಲಮಿನ ಕೆಳಗೆ ಎಷ್ಟು ಆಂಪಿಯರ್ ಎಂದು ನೋಡಿ, ಎರಡನ್ನೂ ಗುಣಿಸಿ. 16 ಆಂಪಿಯರ್ ಎಂದಿದ್ದರೆ 192 ವಾಟ್ ಮಾತ್ರ. ಮೇಲೆ ದೊಡ್ಡ ಅಕ್ಷರದಲ್ಲಿ 450 ವಾಟ್ ಎಂದು ಬರೆದಿದ್ದರೂ ಪ್ರೊಸೆಸರ್ ಮತ್ತು ಕಾರ್ಡ್ ಬಳಸುವುದು ಮುಖ್ಯವಾಗಿ ಈ 12 ವೋಲ್ಟಿನ ಶಕ್ತಿಯನ್ನೇ. ನಮ್ಮ ಪ್ರೊಸೆಸರಿಗೆ 65 ವಾಟ್, ಕಾರ್ಡಿಗೆ 132 ವಾಟ್ ಎಂದು ಕಂಪೆನಿ ಹೇಳುತ್ತದೆ. ಎರಡೂ ಸೇರಿಯೇ 197 ಆಯಿತು. ಉಳಿದ ಭಾಗಗಳಿಗೂ, ತುಸು ಉಸಿರಾಡುವ ಜಾಗಕ್ಕೂ ಸೇರಿಸಿ ಒಳ್ಳೆಯ ಹೆಸರಿನ 550 ವಾಟ್‌ನದ್ದನ್ನು ಕೊಂಡೆವು. ಅದರ ಮೇಲೆ '80 ಪ್ಲಸ್ ಬ್ರಾಂಜ್' ಎಂಬ ಗುರುತಿದೆ. ಗೋಡೆಯಿಂದ ಎಳೆದ ವಿದ್ಯುತ್ತನ್ನು ಎಷ್ಟು ಕಡಿಮೆ ಪೋಲು ಮಾಡುತ್ತದೆ ಎಂಬುದಕ್ಕೆ ಆ ಗುರುತು.

ಮೇ ತಿಂಗಳಲ್ಲಿ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆವು. ಟೌನ್‌ಹಾಲ್ ಸಮೀಪದ ಸದಾರ್ ಪತ್ರಪ್ಪ ರಸ್ತೆಯನ್ನು ಎಲ್ಲರೂ ಕರೆಯುವುದು ಎಸ್.ಪಿ. ರೋಡ್ ಎಂದೇ. ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ಅಂಗಡಿಗಳು, ಕಾಲಿಡಲು ಜಾಗವಿಲ್ಲ. ಪಟ್ಟಿ ಕೈಯಲ್ಲಿ ಹಿಡಿದು ಐದು ಅಂಗಡಿಗಳಲ್ಲಿ ದರ ಬರೆಸಿಕೊಂಡೆವು. ಒಬ್ಬರು, "ಆರ್‌ಟಿಎಕ್ಸ್ 3050 ಕೊಡುತ್ತೇನೆ, ಕಡಿಮೆಗೆ" ಎಂದರು. ಅಣ್ಣನ ಮಗಳು, "6 ಜಿಬಿಯದೋ 8 ಜಿಬಿಯದೋ?" ಎಂದು ಕೇಳಿದಳು. ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆಯಂತೆ. 2024ರಲ್ಲಿ ಬಂದ 6 ಜಿಬಿಯದಕ್ಕೆ ಮೆಮೊರಿ ಮಾತ್ರವಲ್ಲ, ಶಕ್ತಿಯೂ ಕಡಿಮೆ. ಇನ್ನೊಬ್ಬರು ತಿಂಗಳ ಕಂತಿನ ಆಸೆ ತೋರಿಸಿ, "ಇನ್ನೂ ದೊಡ್ಡದು ಒಯ್ಯಿರಿ ಅಮ್ಮಾ" ಎಂದರು. ಬಡ್ಡಿಯ ವ್ಯವಹಾರ ನಮಗೆ ಬೇಡ, ಇದ್ದಷ್ಟರಲ್ಲೇ ಆಗಲಿ ಎಂದೆ.

ಕೊನೆಗೆ ಪುಸ್ತಕದಲ್ಲಿ ಬರೆದ ಲೆಕ್ಕ ಹೀಗಿದೆ:

ಗ್ರಾಫಿಕ್ಸ್ ಕಾರ್ಡ್, ಆರ್‌ಎಕ್ಸ್ 6600, 8 ಜಿಬಿ – 21,000
ಪ್ರೊಸೆಸರ್, ರೈಜನ್ 5 5600, ತಂಪುಮಾಡುವ ಫ್ಯಾನ್ ಸಹಿತ – 9,500
ಮದರ್‌ಬೋರ್ಡ್ – 7,000
ರ‍್ಯಾಮ್, 8 ಜಿಬಿಯ ಎರಡು – 3,200
ಎಸ್‌ಎಸ್‌ಡಿ, 500 ಜಿಬಿ – 3,300
ಎಸ್‌ಎಂಪಿಎಸ್ – 4,000
ಕ್ಯಾಬಿನೆಟ್ – 2,800
ಮಾನಿಟರ್, 100 ಹರ್ಟ್ಸ್ – 7,700
ಕೀಬೋರ್ಡ್, ಮೌಸ್ – 1,200

ಒಟ್ಟು 59,700 ರೂಪಾಯಿ. ಉಳಿದ ಮುನ್ನೂರರಲ್ಲಿ ಮೂವರೂ ಹೊಟ್ಟೆ ತುಂಬ ತಿಂಡಿ ತಿಂದೆವು.

ಈ ದರಗಳನ್ನು ನೀವು ಇಂದಿನ ದರವೆಂದು ತಿಳಿಯಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್‌ನ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಸೆಳೆದುಕೊಂಡದ್ದೇ ಅದಕ್ಕೆ ಮುಖ್ಯ ಕಾರಣ. ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿತು. ಹಾಗಾಗಿ ನಮ್ಮ ಲೆಕ್ಕದಿಂದ ನೀವು ಎತ್ತಿಕೊಳ್ಳಬೇಕಾದದ್ದು ರೂಪಾಯಿಯನ್ನಲ್ಲ, ಪಾಲನ್ನು. ಯಾವುದಕ್ಕೆ ಹೆಚ್ಚು, ಯಾವುದಕ್ಕೆ ಸಾಕಷ್ಟು, ಯಾವುದಕ್ಕೆ ಬೇಡವೇ ಬೇಡ ಎಂಬುದನ್ನು ಮಾತ್ರ ನೋಡಿ. ಹಣ ಇನ್ನೂ ಕಡಿಮೆ ಇದ್ದರೆ ರೈಜನ್ 5 5600ಜಿಯಂತೆ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಕೊಂಡು, ಹಗುರ ಆಟಗಳಿಂದ ಶುರುಮಾಡಿ, ಕಾರ್ಡನ್ನು ಮುಂದಿನ ವರ್ಷಕ್ಕೆ ಇಡಬಹುದು. ಹಾಗೆ ಮಾಡುವುದಾದರೆ ಎಸ್‌ಎಂಪಿಎಸ್ ಮಾತ್ರ ಮೊದಲೇ ಒಳ್ಳೆಯದಿರಲಿ.

ಬಿಲ್ಲಿನ ವಿಷಯ ಮರೆಯಬೇಡಿ. "ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ" ಎನ್ನುವವರಿದ್ದಾರೆ. ಕಾರ್ಡು ಎರಡನೆಯ ವರ್ಷದಲ್ಲಿ ಕೈಕೊಟ್ಟರೆ ವಾರಂಟಿ ಕೇಳಲು ಇರುವ ದಾಖಲೆ ಅದೊಂದೇ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿದೆ. ಖಾಲಿ ಪೆಟ್ಟಿಗೆಗಳನ್ನು ಅಟ್ಟದಲ್ಲಿಟ್ಟಿದ್ದೇನೆ.

ಮನೆಗೆ ಬಂದು ಮಗ ದಿನವಿಡೀ ಕುಳಿತು ಜೋಡಿಸಿದ. ಮಗ್ರಿಬ್ ಆದ ಮೇಲೆ ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಹಾಕಿದ, ಮತ್ತೆ ಕಪ್ಪು. ಅರುವತ್ತು ಸಾವಿರ ಕಣ್ಣೆದುರೇ ಬೂದಿಯಾದಂತೆ ಅವನ ಕೈ ನಡುಗುತ್ತಿತ್ತು. ನಾನು ಬೋರ್ಡಿನ ಜೊತೆ ಬಂದ ಚಿಕ್ಕ ಪುಸ್ತಕ ತೆಗೆದು ಚಿತ್ರಗಳನ್ನು ನೋಡುತ್ತಾ ಹೋದೆ. ಮಾನಿಟರ್‌ನ ತಂತಿ ಸಿಕ್ಕಿಸುವ ಕಿಂಡಿ ಎರಡು ಕಡೆ ಇದೆ, ಬೋರ್ಡಿನಲ್ಲೊಂದು, ಕಾರ್ಡಿನಲ್ಲೊಂದು. "ಚಿತ್ರ ಬರೆಯುವುದು ಕಾರ್ಡ್ ಎಂದೆಯಲ್ಲ, ತಂತಿ ಯಾಕೆ ಬೋರ್ಡಿಗೆ ಹಾಕಿದ್ದೀ?" ಎಂದೆ. ನಮ್ಮ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲದ ಕಾರಣ ಬೋರ್ಡಿನ ಕಿಂಡಿಯಿಂದ ಚಿತ್ರ ಬರುವುದೇ ಇಲ್ಲ. ತಂತಿ ಬದಲಿಸಿದ, ಪರದೆ ಬೆಳಗಿತು. ಅವನು ನನ್ನನ್ನು ನೋಡಿದ ನೋಟಕ್ಕೆ ಎರಡು ಸಾವಿರದ ದಂಡವೂ ಮರೆತುಹೋಯಿತು.

ಇನ್ನೂ ಎರಡು ಸಣ್ಣ ಕೆಲಸಗಳಿವೆ, ಹಲವರು ಬಿಟ್ಟುಬಿಡುತ್ತಾರೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬುದನ್ನು ಚಾಲೂ ಮಾಡದಿದ್ದರೆ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ. ಮಾನಿಟರ್ 100 ಹರ್ಟ್ಸ್‌ನದ್ದಾದರೂ ಸೆಟ್ಟಿಂಗ್ 60ರಲ್ಲೇ ಇರುವುದುಂಟು. ಅದನ್ನೂ ನೋಡಿ ಬದಲಿಸಬೇಕು. ವಿಂಡೋಸ್‌ನ ನಕಲಿ ಪ್ರತಿಯನ್ನು ಬಿಟ್ಟಿ ಹಾಕಿಕೊಡುತ್ತೇವೆ ಎಂದ ಅಂಗಡಿಯವರಿಗೆ ಬೇಡವೆಂದಿದ್ದೆವು. ಅದು ಕಳ್ಳಮಾಲು, ಜೊತೆಗೆ ವೈರಸ್ಸಿನ ಭಯ. ಈಗ ಉಚಿತವಾದ ಲಿನಕ್ಸ್ ಹಾಕಿದ್ದಾನೆ. ಕೌಂಟರ್ ಸ್ಟ್ರೈಕ್ 2 ಓಡುತ್ತದೆ, ವ್ಯಾಲರಂಟ್ ಓಡುವುದಿಲ್ಲ. "ಅದು ಬೇಕಿದ್ದರೆ ವಿಂಡೋಸಿಗೆ ನೀನೇ ಕೂಡಿಡು" ಎಂದಿದ್ದೇನೆ. ಡಬ್ಬಿಯಲ್ಲಿ ಹಣ ಬೀಳುತ್ತಿದೆ.

ಕಂಪ್ಯೂಟರ್ ಇಟ್ಟಿರುವುದು ಹಾಲ್‌ನಲ್ಲಿ, ಅವನ ಕೋಣೆಯಲ್ಲಲ್ಲ. ಒಂಬತ್ತನೆಯ ತರಗತಿಯ ಮಗಳು ಮೊದಲ ದಿನವೇ, "ಇದರಲ್ಲಿ ನನ್ನ ಪಾಲೆಷ್ಟು?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಸಂಜೆ ಐದರಿಂದ ಏಳು ಅವಳದು, ಇಶಾ ಆದ ಮೇಲೆ ಎರಡು ಗಂಟೆ ಅವನದು, ಹಗಲು ಅವನ ಕಾಲೇಜಿನ ಕೆಲಸಕ್ಕೆ ಎಂದು ಅದೇ ಪುಸ್ತಕದ ಮುಂದಿನ ಪುಟದಲ್ಲಿ ಬರೆದೆವು. ಮೂವರೂ ಸಹಿ ಹಾಕಿದ್ದೇವೆ.

ಕಳೆದ ವಾರ ಪಕ್ಕದ ಮನೆಯವರು ಒಂದು ಚೀಟಿ ಹಿಡಿದು ಬಂದರು. ಅವರ ಮಗನಿಗೂ ಗೇಮಿಂಗ್ ಕಂಪ್ಯೂಟರ್ ಬೇಕಂತೆ. "ನಿಮ್ಮ ಮಗನಿಗೆ ಸ್ವಲ್ಪ ತೋರಿಸುತ್ತೀರಾ?" ಎಂದರು. ಅವನು ಮನೆಯಲ್ಲಿರಲಿಲ್ಲ. ಕನ್ನಡಕ ಹಾಕಿಕೊಂಡು ನಾನೇ ಓದಿದೆ. ಐ7 ಎಂದಿತ್ತು, ಮುಂದಿನ ಸಂಖ್ಯೆ ಬರೆದಿರಲಿಲ್ಲ. ಎಸ್‌ಎಂಪಿಎಸ್‌ನ ಹೆಸರೂ ಇರಲಿಲ್ಲ. "ಮುಂಗಡ ಕೊಟ್ಟಿದ್ದೀರಾ?" ಎಂದು ಕೇಳಿದೆ. ಇಲ್ಲವೆಂದರು. "ಹಾಗಾದರೆ ಕುಳಿತುಕೊಳ್ಳಿ" ಎಂದು ಚಹಾಕ್ಕಿಟ್ಟು ಲೆಕ್ಕದ ಪುಸ್ತಕ ತೆಗೆದೆ.