ವಾಣಿಜ್ಯ ಪದವಿಯೂ ಊರಿನ ಕೀರ್ದಿಯೂ

ಪಿ.ಯು. ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ನಮ್ಮ ಪಟ್ಟಣಗಳ ಕಾಲೇಜುಗಳ ಮುಂದೆ ಬಿ.ಕಾಂ. ತರಗತಿಯ ಪ್ರವೇಶಕ್ಕಾಗಿ ಪ್ರತಿವರ್ಷವೂ ದೊಡ್ಡ ಗುಂಪು ನೆರೆಯುತ್ತದೆ. ಒಕ್ಕಲಿಗನ ಮಗನೂ ಅಂಗಡಿಕಾರನ ಮಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಮೂರು ವರ್ಷ ಓದಿ ಪದವಿಪತ್ರವನ್ನು ಹಿಡಿದು ಹೊರಬಂದ ತರುಣನು ತನ್ನ ಊರಿನ ಸಹಕಾರಿ ಸಂಘದ ಅಢಾವೆ ಪತ್ರಿಕೆಯನ್ನು ಓದಿ, ಸಂಘವು ಗಟ್ಟಿಯಾಗಿದೆಯೋ ಟೊಳ್ಳಾಗಿದೆಯೋ ಎಂಬುದನ್ನು ತನ್ನ ತಂದೆಗೆ ತಿಳಿಸಿ ಹೇಳಬಲ್ಲನೇ? ಈ ಪ್ರಶ್ನೆಗೆ ನಮ್ಮ ವಿಶ್ವವಿದ್ಯಾಲಯಗಳು ಉತ್ತರ ಕೊಡಬೇಕಾಗಿದೆ.

ವ್ಯವಹಾರಜ್ಞಾನವು ಕನ್ನಡಿಗರಿಗೆ ಕಾಲೇಜುಗಳಿಂದ ಬಂದ ವಸ್ತುವಲ್ಲ. ಮುಂಬಯಿಯ ಸಿಡನಹ್ಯಾಮ್ ವಾಣಿಜ್ಯ ಕಾಲೇಜು ಸ್ಥಾಪಿತವಾದುದು 1913ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದ್ದರು. ಮರುವರ್ಷ ಮಂಗಳೂರಿನಲ್ಲಿ ಇಂದಿನ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ವಕೀಲರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಟಿ. ಎಂ. ಎ. ಪೈಗಳು ವೈದ್ಯರು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿ, ಬಡವರ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನಾದರೂ ಜಮಾ ಮಾಡಿಸಿಕೊಂಡಿತು. ಈ ಹಿರಿಯರಿಗೆ ವಾಣಿಜ್ಯವನ್ನು ಕಲಿಸಿದುದು ಜನರ ಕಷ್ಟಸುಖ. ಅವರ ಪಠ್ಯವು ಊರಿನ ಕೀರ್ದಿ.

ಇಂದಿನ ವಿದ್ಯಾರ್ಥಿಗೆ ಪಠ್ಯವುಂಟು, ಕೀರ್ದಿಯಿಲ್ಲ. ಕಾಲ್ಪನಿಕ ಅಂಗಡಿಗಳ ನೂರಾರು ಲೆಕ್ಕಗಳನ್ನು ಬಿಡಿಸಿಯೂ ನಿಜವಾದ ಒಂದು ಖತಾವಣಿಯ ಹಾಳೆಯನ್ನು ಮಗುಚದೆಯೇ ಅನೇಕರು ಪದವೀಧರರಾಗುತ್ತಾರೆ. ಪರೀಕ್ಷೆಯ ಹೊತ್ತಿಗೆ ಗೈಡುಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನವೇ ಮರೆಯುತ್ತಾರೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಬಳಿಕ ಚಿಕ್ಕ ವರ್ತಕರು ಕೂಡ ತೆರಿಗೆಯ ವಿವರಪಟ್ಟಿಗಳನ್ನು ಸಲ್ಲಿಸುವ ಕಟ್ಟಿಗೆ ಒಳಪಟ್ಟರು. ಮನೆಯಲ್ಲಿ ಬಿ.ಕಾಂ. ಆದ ಮಗನಿದ್ದರೂ ಅದಕ್ಕಾಗಿ ಪರರ ಬಾಗಿಲಿಗೆ ಹೋಗುವ ವರ್ತಕರನ್ನು ಯಾವ ಪೇಟೆಯಲ್ಲಿಯೂ ಕಾಣಬಹುದು.

ಇದರ ಹಾನಿಯು ಒಂದು ಮನೆಗೆ ನಿಲ್ಲುವದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ಜೀವಮಾನದ ಗಳಿಕೆಯನ್ನು ಅಲ್ಲಿಟ್ಟ ಹಿರಿಯರು 35,000 ರೂಪಾಯಿಗಿಂತ ಹೆಚ್ಚು ಹಣವನ್ನು ಹಿಂದಕ್ಕೆ ಪಡೆಯಲಾರದೆ ಕಂಗೆಟ್ಟರು. ಕೃತ್ರಿಮ ಲೆಕ್ಕವನ್ನು ಹಿಡಿಯುವದು ನುರಿತ ಪರಿಶೋಧಕನಿಗೂ ಕಠಿಣವೆಂಬುದನ್ನು ನಾವು ಬಲ್ಲೆವು. ಆದರೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, “ಈ ಸಾಲವನ್ನು ಯಾರಿಗೆ ಕೊಟ್ಟಿರಿ? ಬಾಕಿ ಎಷ್ಟು ಉಳಿದಿದೆ?” ಎಂದು ಕೇಳಬಲ್ಲ ಸದಸ್ಯರಿದ್ದಲ್ಲಿ ವಂಚಕನ ಎದೆಯು ಅಳುಕದೆ ಇರದು.

ಆದರೆ ನಮ್ಮ ಸರಕಾರಗಳ ಚರ್ಚೆಯೆಲ್ಲ ವರ್ಷಗಳ ಎಣಿಕೆಯಲ್ಲಿಯೇ ಮುಗಿಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ 2021ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯು ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಆಜ್ಞೆಯಾಯಿತು. ಮೂರೋ ನಾಲ್ಕೋ ಎಂಬುದಕ್ಕಿಂತ ಆ ಅವಧಿಯಲ್ಲಿ ವಿದ್ಯಾರ್ಥಿಯ ಕೈಗೆ ಏನು ಬಂದಿತೆಂಬುದೇ ಮುಖ್ಯವಲ್ಲವೇ? ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 2023ರಲ್ಲಿ ತನ್ನ ಉಮೇದುವಾರಿಯ ಅವಧಿಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿತೇ ಹೊರತು ಅದನ್ನು ಬಿಟ್ಟುಕೊಡಲಿಲ್ಲ. ಪುಸ್ತಕದಿಂದ ಮಾತ್ರ ಲೆಕ್ಕಿಗನು ಹುಟ್ಟುವದಿಲ್ಲವೆಂದು ಅದಕ್ಕೆ ಗೊತ್ತು. ಪದವಿಯೊಳಗೆ ಶಿಶಿಕ್ಷುತನವನ್ನು ಅಳವಡಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗವು ಸಹ 2020ರಲ್ಲಿಯೇ ಮಾರ್ಗಸೂಚಿಯನ್ನು ಕೊಟ್ಟಿದೆ.

ಆದುದರಿಂದ ನಮ್ಮ ಸೂಚನೆಗಳು ಮೂರು. ಒಂದು: ಪ್ರತಿಯೊಂದು ವಾಣಿಜ್ಯ ಕಾಲೇಜು ಸುತ್ತಲಿನ ಸಹಕಾರಿ ಸಂಘಗಳೊಡನೆ ಕರಾರು ಮಾಡಿಕೊಂಡು, ಪ್ರತಿ ವಿದ್ಯಾರ್ಥಿಯನ್ನು ಒಂದು ಅರ್ಧವರ್ಷದ ಮಟ್ಟಿಗಾದರೂ ಅಲ್ಲಿಯ ಲೆಕ್ಕದ ಮೇಜಿಗೆ ಕಳುಹಿಸಲಿ. ಎರಡು: ಅಂತಿಮ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಯೂ ನಿಜವಾದ ಒಂದು ಅಢಾವೆ ಪತ್ರಿಕೆಯನ್ನು ಪರೀಕ್ಷಕರ ಮುಂದೆ ಬಾಯಿಮಾತಿನಲ್ಲಿ ವಿವರಿಸಲಿ, ಅದಕ್ಕೆ ಲಿಖಿತ ಪರೀಕ್ಷೆಯಷ್ಟೇ ಅಂಕಗಳಿರಲಿ. ಮೂರು: ಆ ವಿವರಣೆಯು ಕನ್ನಡದಲ್ಲಿ ನಡೆಯಲಿ.

ಮೂರನೆಯದಕ್ಕೆ ಕೆಲವರು ಹುಬ್ಬುಗಂಟಿಕ್ಕುವರು. ಕಂಪನಿಗಳ ಕಾಯಿದೆಯೂ ದೊಡ್ಡ ಪೇಟೆಯ ವ್ಯವಹಾರವೂ ಇಂಗ್ಲಿಷಿನಲ್ಲಿರುವಾಗ ಕನ್ನಡದಿಂದೇನು ಎಂಬುದು ಅವರ ವಾದ. ಇಂಗ್ಲಿಷು ಬೇಡವೆಂದು ನಾವು ಹೇಳುತ್ತಿಲ್ಲ. ಪಾಠವು ಇಂಗ್ಲಿಷಿನಲ್ಲಿದ್ದರೂ ಉತ್ತರವನ್ನು ದೇಶಭಾಷೆಯಲ್ಲಿ ಬರೆಯಗೊಡಬೇಕೆಂದು 2023ರಲ್ಲಿ ಅದೇ ಆಯೋಗವು ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಆದರೆ ಇಲ್ಲಿಯ ವಿಷಯವು ವಿದ್ಯಾರ್ಥಿಯ ಅನುಕೂಲ ಮಾತ್ರವಲ್ಲ. ಠೇವಣಿಯಿಟ್ಟ ವಿಧವೆಯೂ ಬೆಳೆಸಾಲ ತಂದ ರೈತನೂ ಲೆಕ್ಕ ಕೇಳುವದು ಕನ್ನಡದಲ್ಲಿ. ತಾನು ಕಲಿತುದನ್ನು ಅವರಿಗೆ ತಿಳಿಯುವಂತೆ ಹೇಳಲಾರದವನ ಕಲಿಕೆಯು ಅರ್ಧಕ್ಕೆ ನಿಂತಂತೆಯೇ.

ಈ ಕಾರ್ಯಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ಸಂಘಗಳಿವೆ, ಕಾಲೇಜುಗಳಿವೆ, ಕಲಿಯುವ ತರುಣರೂ ಇದ್ದಾರೆ. ಬೇಕಾದುದು ಉನ್ನತ ಶಿಕ್ಷಣ ಇಲಾಖೆಯವರೂ ಸಹಕಾರ ಇಲಾಖೆಯವರೂ ಒಂದೆಡೆ ಕುಳಿತು ತೀರ್ಮಾನಕ್ಕೆ ಬರುವ ಮನಸ್ಸು. ಪಾಲಕರು ಸಹ ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಶುಲ್ಕವೆಷ್ಟೆಂದು ಕೇಳುವದರೊಡನೆ, ಇಲ್ಲಿ ನಿಜವಾದ ಲೆಕ್ಕವನ್ನು ಕಲಿಸುವಿರಾ ಎಂದೂ ಕೇಳಲಿ. ಕೇಳುವವರು ಹೆಚ್ಚಿದಂತೆ ಕಲಿಸುವವರೂ ಎಚ್ಚರಗೊಳ್ಳುವರು.